ಇನ್ನೊಂದೇ ಒಂದು ಪೆಟ್ಟು

ಮಡಚುವ ಚಾಕುವಿನ ಅಲಗು ಪಕ್ಕಕ್ಕೆ ಒಂಚೂರು ಅಲ್ಲಾಡಿದರೆ ಸಾಕು, ಮನುಷ್ಯನಿಗೆ ಸುತ್ತಿಗೆ ನೆನಪಾಗುತ್ತದೆ. ಕೀಲಿನ ಪಿನ್ನಿಗೆ ಮೆಲ್ಲಗೆ ಒಂದು ಪೆಟ್ಟು. ಅಲ್ಲಾಟ ಅರ್ಧ ಹೋಯಿತು. ‘ಇನ್ನೊಂದೇ ಒಂದು’ ಎಂದು ಮತ್ತೊಂದು. ಅಲ್ಲಾಟ ಪೂರ್ತಿ ಹೋಯಿತು, ಜೊತೆಗೆ ಚಾಕು ತೆರೆಯುವುದೂ ಹೋಯಿತು. ಈಗ ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ಎಳೆದರೆ ಕಿತ್ತು ಬರುವುದು ಅಲಗಲ್ಲ, ಉಗುರು.

ಕೀಲಿನಲ್ಲಿ ಬುಶ್ ಎಂಬ ಬಳೆ ಇಲ್ಲದ ಚಾಕುವಿನಲ್ಲಿ ಪಿನ್ ನೇರವಾಗಿ ಅಲಗಿನ ಬುಡದ ತೂತಿನಲ್ಲಿ ಕೂತಿರುತ್ತದೆ. ತಲೆಗೆ ಕುಟ್ಟಿದರೆ ಒಳಗೆ ಅದರ ಹೊಟ್ಟೆ ಉಬ್ಬುತ್ತದೆ, ಹಿಡಿಯ ಒಳಮೈಗೆ ಎರಡೂ ಕಡೆ ಇರುವ ಲೈನರ್ ತಗಡುಗಳು ಅಲಗನ್ನು ಅವುಚಿಕೊಳ್ಳುತ್ತವೆ. ಅದಕ್ಕೇ ಜೋಡಿಸುವವರು ಸಂದಿನಲ್ಲಿ 0.05 ಮಿ.ಮೀ. ದಪ್ಪದ ಹಿತ್ತಾಳೆ ಹಾಳೆ ತೂರಿಸಿ ಕುಟ್ಟಿ, ಆಮೇಲೆ ಎಳೆದು ತೆಗೆಯುತ್ತಾರೆ. ಹಾಳೆ ಈಚೆ ಬರಲಿಲ್ಲವೋ, ಮೇಲಿನ ಪ್ಯಾರಾ ಇನ್ನೊಮ್ಮೆ ಓದಿಕೊಳ್ಳುವುದು.

ಬುಶ್ ಎಂದರೆ ಪಿನ್ನಿಗೆ ತೊಡಿಸುವ ಕಂಚಿನ ಅಥವಾ ಉಕ್ಕಿನ ಪುಟ್ಟ ಬಳೆ. ಎತ್ತರದಲ್ಲಿ ಅಲಗಿನ ಬುಡದ ದಪ್ಪಕ್ಕಿಂತ 0.025ರಿಂದ 0.04 ಮಿ.ಮೀ. ಹೆಚ್ಚು, ಅಂದರೆ ಅರ್ಧ ಕೂದಲೆಳೆ. ಲೈನರ್‌ಗಳು ಬಂದು ಅಪ್ಪುವುದು ಬುಶ್ಶನ್ನು; ಅಲಗು ಅದರ ಸುತ್ತ ತನ್ನ ಪಾಡಿಗೆ ತಿರುಗಿಕೊಂಡಿರುತ್ತದೆ. ಕೈಚಪಲದವರನ್ನು ಚೆನ್ನಾಗಿ ಬಲ್ಲವನೇ ಇದನ್ನು ಮಾಡಿರಬೇಕು.

ಆ ಅರ್ಧ ಕೂದಲೆಳೆ ಉಳಿಸಿಕೊಳ್ಳುವುದೇ ಪಾಡು. ಬುಶ್ಶನ್ನು ಬೇಕೆಂದೇ ಎತ್ತರಕ್ಕೆ ಕತ್ತರಿಸಿ, ಗಾಜಿನ ಮೇಲೆ 600 ನಂಬರಿನ ವಾಟರ್ ಪೇಪರ್ ಹಾಸಿ, ಎಂಟರ ಆಕಾರದಲ್ಲಿ ಉಜ್ಜಬೇಕು. ನಾಲ್ಕೈದು ಸುತ್ತಿಗೊಮ್ಮೆ ಮೈಕ್ರೋಮೀಟರಿನಲ್ಲಿ ಅಳತೆ. ಬರೀ ಬೆರಳಲ್ಲಿ ಒತ್ತಿದರೆ ಓರೆಯಾಗಿ ಸವೆಯುತ್ತದೆ, ಆಮೇಲೆ ಮುಚ್ಚುವಾಗ ಅಲಗು ನಡುವೆ ಕೂರದೆ ಒಂದೇ ಲೈನರನ್ನು ಕೆರೆಯುತ್ತದೆ. ತೂತು ಕೊರೆದ ಮರದ ತುಂಡಿನಲ್ಲಿ ಕೂರಿಸಿ ಉಜ್ಜುವುದು ವಾಸಿ. ಎತ್ತರ ಜಾಸ್ತಿ ಉಳಿದರೆ ಲೊಡಲೊಡ. ‘ಇನ್ನೊಂದೇ ಸುತ್ತು’ ಎಂದು ಗಿಡ್ಡ ಮಾಡಿದರೆ ಬುಶ್ ಇದ್ದೂ ಇಲ್ಲದ ಲೆಕ್ಕ. ಹಿಡಿಯ ಬೆನ್ನಿನಲ್ಲಿರುವ ಸ್ಪ್ರಿಂಗಿನ ದಪ್ಪವೂ ಬುಶ್ಶಿಗೆ ಹೊಂದಬೇಕು, ತೆಳ್ಳಗಿದ್ದರೆ ಸಂದಿನಲ್ಲಿ ಬೆಳಕು ಇಣುಕುತ್ತದೆ.

ಇಷ್ಟೆಲ್ಲ ಆದ ಮೇಲೆ ಬುಶ್ ಕೈಜಾರಿ ಬೀಳುತ್ತದೆ. ಐದು ಮಿ.ಮೀ. ಅಗಲವೂ ಇಲ್ಲದ ಬಳೆ ನೆಟ್ಟಗೆ ಬೀರುವಿನ ಅಡಿಗೇ ಉರುಳುತ್ತದೆ. ಅಯಸ್ಕಾಂತ ಹಿಡಿದು ನೆಲಕ್ಕೆ ಮಂಡಿಯೂರಿದವರಿಗೆ ಕಂಚು ಅಯಸ್ಕಾಂತಕ್ಕೆ ಅಂಟುವುದಿಲ್ಲವೆಂಬುದು ಅರ್ಧ ಗಂಟೆಯ ನಂತರ ಹೊಳೆಯುತ್ತದೆ. ಮೊದಲೇ ಮೇಜಿನ ಮೇಲೊಂದು ಬಿಳಿ ಟವೆಲ್ ಹಾಸಿಕೊಂಡಿದ್ದರೆ ಸಾಕಿತ್ತು.

ಬುಶ್ ಇರುವ ಚಾಕು ಬಳಸುತ್ತ ಬಿಗಿಯಾದರೆ ಪಿನ್ನಿನ ತಪ್ಪು ಹುಡುಕಬೇಡಿ, ಜೇಬಿನ ನೂಲುಧೂಳೂ ಹಳೇ ಎಣ್ಣೆಯೂ ಸೇರಿ ಕರೀ ಅಂಟಾಗಿರುತ್ತದೆ. ಕೀಲಿಗಷ್ಟೇ ಸೀಮೆಎಣ್ಣೆ ಹನಿಸಿ ಇಪ್ಪತ್ತು ಸಲ ತೆರೆದು ಮುಚ್ಚಿ, ಒರೆಸಿ, ಒಂದು ಹನಿ ತೆಳು ಎಣ್ಣೆ ಬಿಡಿ. ಎರಡನೆಯ ಹನಿ ಹೋಗುವುದು ಪ್ಯಾಂಟಿಗೆ.