ಬಿಲ್ಲು ಮಾಡುವವನ ಬಿನ್ನಹ

ಬಿಡುವಿನ ವೇಳೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದವರಿಗೆ ಬಿಲ್ಲು ಮಾಡುತ್ತೇನೆ ಎಂದು ನಾನು ನಿಜವನ್ನೇ ಹೇಳಿದರೂ ಅವರ ಮುಖದಲ್ಲಿ ಕುತೂಹಲದ ಬದಲು ಕನಿಕರ ಮೂಡುತ್ತದೆ. ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಿಲ್ಲುಗಳಿಗೆ ರುಜು ಹಾಕುತ್ತ ಬಂದಿರುವ ಮನುಷ್ಯ ಮನೆಗೆ ಹೋದ ಮೇಲೂ ಅದನ್ನೇ ಮಾಡುತ್ತಾನಲ್ಲ ಎಂಬ ಕನಿಕರ ಅದು. ಕರೆಂಟಿನ ಬಿಲ್ಲಿಗೂ ಕಾಮನಬಿಲ್ಲಿಗೂ ಒಂದೇ ಕಾಗುಣಿತ ಇಟ್ಟುಕೊಂಡ ಭಾಷೆಯಲ್ಲಿ ಈ ಕಷ್ಟ ತಪ್ಪಿದ್ದಲ್ಲ. "ಹಾಗಲ್ಲ, ಬಾಣ ಹೂಡುವ ಬಿಲ್ಲು" ಎಂದು ಎಡಗೈ ಮುಂದೆ ಚಾಚಿ ಬಲಗೈಯನ್ನು ಕಿವಿಯವರೆಗೆ ಸೆಳೆದು ತೋರಿಸಿದರೆ, ಅವರು ಒಂದು ಹೆಜ್ಜೆ ಹಿಂದೆ ಸರಿದು ಗುರಿ ಹೇಗಿದೆ ಎಂದು ವಿಚಾರಿಸುತ್ತಾರೆ. ಗುರಿ ಚೆನ್ನಾಗಿಲ್ಲ. ಹಿತ್ತಿಲ ಕೊನೆಯ ಗೋಡೆಗೆ ಆನಿಸಿಟ್ಟ ಹುಲ್ಲಿನ ಹೊರೆಗೆ ಹತ್ತು ಬಾಣ ಬಿಟ್ಟರೆ ನಾಲ್ಕು ತಾಗುತ್ತವೆ, ಉಳಿದವನ್ನು ದಾಸವಾಳದ ಬುಡದಲ್ಲಿ ಬಗ್ಗಿ ಹುಡುಕಬೇಕು. ಸಕ್ಕರೆ ಕಾಯಿಲೆಯಿರುವ ಅಡುಗೆ ಭಟ್ಟರು ಮಾಡಿದ ಜಿಲೇಬಿಯಲ್ಲಿ ಯಾರೂ ಕುಂದು ಹುಡುಕುವುದಿಲ್ಲವಾದ್ದರಿಂದ ನನ್ನ ಬಿಲ್ಲನ್ನೂ ನನ್ನ ಗುರಿಯಿಂದ ಅಳೆಯಬಾರದೆಂದು ಕೋರುತ್ತೇನೆ.

ಹುಚ್ಚು ಹಳೆಯದು. ಸಾಗರದ ಕಡೆಯ ನಮ್ಮೂರಿನಲ್ಲಿ ಬೇಸಿಗೆ ರಜೆ ಬಂತೆಂದರೆ ಹುಡುಗರೆಲ್ಲರೂ ಅಡಿಕೆಯ ದಬ್ಬೆ ಬಗ್ಗಿಸಿ ಬಿಲ್ಲು ಮಾಡಿಕೊಳ್ಳುತ್ತಿದ್ದೆವು. ದಬ್ಬೆಗೆ ಬರವಿರಲಿಲ್ಲ, ಬರವಿದ್ದದ್ದು ಹೆದೆಗೆ. ಬಾಳೆಪಟ್ಟೆಯಿಂದ ಸುಲಿದ ನಾರು ಹೂಮಾಲೆ ಕಟ್ಟುವುದಕ್ಕೆ ಬಹಳ ಒಳ್ಳೆಯದು, ಯುದ್ಧಕ್ಕೆ ಏನೇನೂ ಸಾಲದು. ಮೊದಲನೆಯ ಎಳೆತಕ್ಕೇ ಪಟ್ಟನೆ ಹರಿದು, ಅದುವರೆಗೆ ಬಿಲ್ಲಾಗಿದ್ದದ್ದು ಮತ್ತೆ ದಬ್ಬೆಯಾಗಿ ಸೆಟೆದು ನಿಲ್ಲುತ್ತಿತ್ತು. ಹೆದೆ ಹೋದರೆ ಕೈಯಲ್ಲಿ ಉಳಿಯುವುದು ಬರಿಯ ಕೋಲು ಎಂಬ ಈ ಸಣ್ಣ ವಿಷಯವನ್ನು ನಮ್ಮ ಕವಿಗಳು ಅಷ್ಟಾಗಿ ಗಮನಿಸಿದಂತಿಲ್ಲ. ಅವರಿಗೆ ಗಾಂಡೀವದ ಹೆಸರು ಗೊತ್ತು, ಪಿನಾಕದ ಹೆಸರು ಗೊತ್ತು, ಶಾರ್ಙ್ಗದ ಹೆಸರು ಗೊತ್ತು. ಅವುಗಳ ಹೆದೆಯನ್ನು ಯಾರು, ಯಾವ ಜಗಲಿಯ ಮೇಲೆ ಕುಳಿತು ಹೊಸೆದರು ಎಂಬುದನ್ನು ಮಾತ್ರ ಹೇಳಲಿಲ್ಲ.

ದೊಡ್ಡವನಾದ ಮೇಲೆ ನಾನು ಮಾಡಿದ ಮೊದಲ ಬಿಲ್ಲು ಒಂದು ದೋಟಿಯ ಅವಶೇಷ. ಆರು ವರ್ಷಗಳ ಹಿಂದೆ ಅಣ್ಣನ ತೋಟದಲ್ಲಿ ಮಾವಿನಕಾಯಿ ಕೊಯ್ಯುವಾಗ ಮುರಿದ ಆ ಬಿದಿರಿನ ತುಂಡನ್ನು ಅತ್ತಿಗೆ ಬಚ್ಚಲೊಲೆಗೆ ಗೊತ್ತುಮಾಡಿದ್ದರು. ನಾನು ಬೇಡಿಕೊಂಡು ಶಿವಮೊಗ್ಗಕ್ಕೆ ತಂದೆ. ಅಳೆದು ನೋಡಿದಾಗ ಸರಿಯಾಗಿ ನಾಲ್ಕು ಮೊಳ ಇತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಲ್ಕು ಮೊಳಕ್ಕೆ, ಎಂದರೆ 96 ಅಂಗುಲಕ್ಕೆ, ಧನುಸ್ಸು ಎಂದೇ ಹೆಸರಿದೆಯೆಂದು ಆಮೇಲೆ ಓದಿ ತಿಳಿದಾಗ, ಒಲೆಯ ಬಾಯಿಂದ ತಪ್ಪಿಸಿಕೊಂಡು ಬಂದ ತುಂಡಿನ ಮೇಲೆ ನನಗೆ ಇನ್ನಷ್ಟು ಗೌರವ ಬಂತು. ಅಲೆಕ್ಸಾಂಡರನ ಸಂಗಡ ಬಂದ ನಿಯಾರ್ಕಸನೂ ಈ ದೇಶದ ಬಿಲ್ಲುಗಳು ಹಿಡಿದವನಷ್ಟೇ ಎತ್ತರವಿರುತ್ತವೆ, ಅದರ ಒಂದು ತುದಿಯನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿಕೊಂಡು ಹೆದೆಯನ್ನು ಬಹು ಹಿಂದಕ್ಕೆ ಸೆಳೆಯುತ್ತಾರೆ ಎಂದು ಬರೆದನೆಂಬುದಿದೆ. ಇನ್ನೊಂದು ಕೊನೆಯಲ್ಲಿ, ಕೊಡಗಿನಲ್ಲಿ ಗಂಡುಮಗು ಹುಟ್ಟಿದ ಕೂಡಲೇ ಹರಳು ಗಿಡದ ಕಡ್ಡಿಯಿಂದ ಗೇಣುದ್ದದ ಬಿಲ್ಲು ಮಾಡಿ, ಅದೇ ಗಿಡದ ಎಲೆಯ ತೊಟ್ಟನ್ನು ಬಾಣವಾಗಿಸಿ, ಆ ಎಳೆಯ ಕೈಗೆ ಮುಟ್ಟಿಸುವ ಪದ್ಧತಿ ಇತ್ತು. ಇವೆರಡರ ನಡುವೆ ಎಲ್ಲಾದರೂ ನನ್ನ ಬಿಲ್ಲಿಗೂ ಜಾಗ ಸಿಕ್ಕೀತು.

ದೋಟಿಯ ಬಿಲ್ಲು ಎರಡು ವಾರ ಬಾಳಿತು. ಅದು ಮುರಿದ ಮೇಲೆ ಬಿದಿರನ್ನು ತಿಳಿದವರಿಂದಲೇ ಕೊಳ್ಳಬೇಕೆಂದು ಮೇದಾರ ಕೇರಿಗೆ ಹೋದೆ. ಮರದ ಕೆಳಗೆ ಕುಳಿತು ಮೊರ ಹೆಣೆಯುತ್ತಿದ್ದ ಮುದುಕರೊಬ್ಬರು ತಲೆಯೆತ್ತದೆ, "ಏಣಿಗಾ ಸ್ವಾಮಿ, ಚಪ್ಪರಕ್ಕಾ?" ಎಂದರು. "ಬಿಲ್ಲಿಗೆ ಅಜ್ಜಾ" ಎಂದೆ. ಅವರು ನಗಲಿಲ್ಲ. ನನ್ನ ಬಿಡುವಿನ ಕೆಲಸ ಕೇಳಿ ನಗದ, ಹಿಂದೆ ಸರಿಯದ, ಕನಿಕರವನ್ನೂ ಪಡದ ಮೊದಲ ಮನುಷ್ಯರು ಅವರು. "ಹಾಂಗಾರೆ ಹೋದ ವರ್ಷದ ಬಿದಿರು ಬ್ಯಾಡ. ಮೂರು ಮಳೆಗಾಲ ಕಂಡಿದ್ದು ಬೇಕು" ಎಂದು ಹೇಳಿ, ಎಳೆಯ ಬಿದಿರಿನ ಒಂದು ಸೀಳನ್ನೂ ಬಲಿತದ್ದರ ಒಂದು ಸೀಳನ್ನೂ ಒಟ್ಟಿಗೆ ಮೊಣಕಾಲಿಗೆ ಒತ್ತಿ ಬಗ್ಗಿಸಿ ಬಿಟ್ಟರು. ಬಲಿತದ್ದು ಚಿಮ್ಮಿ ನೆಟ್ಟಗಾಯಿತು. ಎಳೆಯದು ಬಾಗಿದವರ ಹಾಗೆ ಬಾಗಿಯೇ ಉಳಿಯಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಕಟ್ಟಿದವರು ಬಿಲ್ಲು ಮಾಡಿ ನೋಡಿದವರಲ್ಲವೆಂದು ನನಗೆ ಅಂದು ಖಾತ್ರಿಯಾಯಿತು. ಬಗ್ಗುವುದು ಯಾರಿಗೂ ಬರುತ್ತದೆ, ಬಗ್ಗಿದ ಮೇಲೆ ಮರಳಿ ನೆಟ್ಟಗಾಗುವುದಕ್ಕೆ ವಯಸ್ಸಾಗಬೇಕು.

ಟೊಳ್ಳು ಹೆಚ್ಚಿರುವ ಹೆಬ್ಬಿದಿರಿಗಿಂತ ಬಹುಪಾಲು ಗಟ್ಟಿಯಾಗಿರುವ ಕಿರುಬಿದಿರು ಈ ಕೆಲಸಕ್ಕೆ ಮೇಲು ಎಂಬುದನ್ನೂ, ಚಳಿಗಾಲದ ಕೃಷ್ಣಪಕ್ಷದಲ್ಲಿ ಕಡಿದರೆ ಕುಟ್ಟೆ ಹಿಡಿಯುವುದಿಲ್ಲ ಎಂಬುದನ್ನೂ ಅವರೇ ಹೇಳಿದರು. ಕುಟ್ಟೆಯ ಹುಳಕ್ಕೆ ಬೇಕಾದದ್ದು ಬಿದಿರಿನೊಳಗಿನ ಪಿಷ್ಟ. ಹೊಸ ಕಳಲೆಗಳನ್ನು ಬೆಳೆಸಿ ಮುಗಿಸಿದ ಬಿದಿರಿನಲ್ಲಿ ಅದು ಕಡಮೆಯಿರುವುದರಿಂದ ಚಳಿಗಾಲದ ಮಾತು ನನಗೆ ಅರ್ಥವಾಗುತ್ತದೆ. ಚಂದ್ರನ ಮಾತನ್ನು ಅರ್ಥಮಾಡಿಕೊಳ್ಳದೆಯೇ ಪಾಲಿಸುತ್ತೇನೆ. ಬಿದಿರು ಮರವಲ್ಲ, ಹುಲ್ಲು ಎಂದು ಸಸ್ಯಶಾಸ್ತ್ರ ಎಂದೋ ಹೇಳಿತ್ತು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ವ್ಯಾಖ್ಯೆಯಿಂದ ಅರಣ್ಯ ಕಾಯಿದೆ ಕೈಬಿಟ್ಟದ್ದು 2017ರಲ್ಲಿ. ಈಗ ನಾನು ಅಣ್ಣನ ತೋಟದಿಂದ ತರುವುದು ಕಾನೂನಿನ ಪ್ರಕಾರವೂ ಹುಲ್ಲೇ.

ಊರಿನ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಮೂರು ನಾಲ್ಕು ತಿಂಗಳು ಹೊಗೆ ಕುಡಿದು ಒಣಗಿದ ಬಿದಿರನ್ನು ಸೀಳಿ ಕೂತರೆ ಮುಂದಿನ ಕೆಲಸವೆಲ್ಲವೂ ತೆಗೆಯುವುದೇ, ಸೇರಿಸುವುದು ಏನೂ ಇಲ್ಲ. ಹೊರಮೈಯ ಸಿಪ್ಪೆಯ ಬಳಿಯಲ್ಲಿ ನಾರು ಒತ್ತಾಗಿರುತ್ತದೆಯಾದ್ದರಿಂದ ಆ ಮೈಯನ್ನು ಮುಟ್ಟುವಂತಿಲ್ಲ. ಒಳಮೈಯನ್ನು ಮಾತ್ರ ಕತ್ತಿಯಿಂದ, ಅರದಿಂದ, ಕೊನೆಗೆ ಒಡೆದ ಗಾಜಿನ ಚೂರಿನಿಂದ ಹೆರೆಯುತ್ತ ಹೋಗಬೇಕು. ಇಲ್ಲಿ ಒಂದು ಕ್ರೂರವಾದ ಲೆಕ್ಕವಿದೆ. ಪಟ್ಟಿಯ ಅಗಲವನ್ನು ಹತ್ತರಲ್ಲೊಂದು ಪಾಲು ಕಡಮೆ ಮಾಡಿದರೆ ಬಿರುಸೂ ಹತ್ತರಲ್ಲೊಂದು ಪಾಲು ಇಳಿಯುತ್ತದೆ. ದಪ್ಪವನ್ನು ಹತ್ತರಲ್ಲೊಂದು ಪಾಲು ಇಳಿಸಿದರೆ ಬಿರುಸು ಕಾಲು ಭಾಗಕ್ಕಿಂತಲೂ ಹೆಚ್ಚು ಹೊರಟುಹೋಗುತ್ತದೆ, ಏಕೆಂದರೆ ಅದು ದಪ್ಪದ ಘನಕ್ಕೆ ತಕ್ಕಂತೆ ಇಳಿಯುವಂಥದ್ದು. ಹಗಲೆಲ್ಲ ಪೈಸೆಗೆ ಪೈಸೆ ತಾಳೆ ನೋಡುವ ನನಗೂ ಈ ಲೆಕ್ಕ ಕೈಗೆ ಹತ್ತಬೇಕಾದರೆ ಹನ್ನೊಂದು ಬಿಲ್ಲು ಮುರಿಯಬೇಕಾಯಿತು.

ಬಿಲ್ಲಿನ ಎರಡು ರೆಕ್ಕೆಗಳೂ ಒಂದೇ ಸಮನೆ ಬಾಗುವಂತೆ ಒಳಮೈ ತಿದ್ದುವುದಕ್ಕೆ ಇಂಗ್ಲಿಷಿನವರು ಟಿಲ್ಲರಿಂಗ್ ಎನ್ನುತ್ತಾರೆ. ಒಮ್ಮೆ ಊರಿನಲ್ಲಿ ಬೆಳಗಿನಿಂದ ಟಿಲ್ಲರಿಂಗ್ ಮಾಡುತ್ತಿದ್ದೇನೆ ಎಂದು ಬಾಯಿತಪ್ಪಿ ಹೇಳಿದ್ದಕ್ಕೆ, ಗದ್ದೆಯವರೊಬ್ಬರು ಬಾಡಿಗೆ ಗಂಟೆಗೆ ಎಷ್ಟು ಎಂದು ಕೇಳಿದರು. ಅಂದಿನಿಂದ ನಾನು ಬಾಗು ತಿದ್ದುವುದು ಎನ್ನುತ್ತೇನೆ. ಗೋಡೆಯ ಗೂಟಕ್ಕೆ ಬಿಲ್ಲಿನ ನಡುವನ್ನು ತೂಗಿಹಾಕಿ, ಹೆದೆಯನ್ನು ಕೆಳಕ್ಕೆ ಜಗ್ಗಿ, ಹಿಂದಿನ ಸುಣ್ಣದ ಮೇಲೆ ಗೀಚಿದ ಗೆರೆಗಳಿಗೆ ಹೋಲಿಸಿ ನೋಡಿದರೆ ಎಲ್ಲಿ ಬಿದಿರು ಮೊಂಡುತನ ಮಾಡುತ್ತಿದೆ ಎಂದು ಕಾಣುತ್ತದೆ. ಅಲ್ಲಿ ನಾಲ್ಕು ಸಲ ಗಾಜು ಎಳೆದು, ಇಪ್ಪತ್ತು ಸಲ ಬಗ್ಗಿಸಿ, ಮತ್ತೆ ನೋಡಬೇಕು. ಸ್ಪ್ರಿಂಗ್ ತಕ್ಕಡಿಯಲ್ಲಿ 14 ಕಿಲೋ ಬಂದರೆ ನನ್ನ ರಟ್ಟೆಗೆ ಅದೇ ಮುಗಿತಾಯ. ಬಾಡಿಗೆ ಮನೆಯ ಗೋಡೆಯ ಮೇಲೆ ಈ ಗೆರೆಗಳು ಹೇಗೆ ಬಂದವೆಂಬ ಪ್ರಶ್ನೆಗೆ ಉತ್ತರವನ್ನು ಇನ್ನೂ ಸಿದ್ಧಪಡಿಸಿಕೊಂಡಿಲ್ಲ.

ಇಷ್ಟಾದರೂ ಕೋಲು ಕೋಲೇ. ಅಸಲು ಕೆಲಸ ಹೆದೆಯದು. ಅಂಗಡಿಯ ನೈಲಾನ್ ದಾರ ಎಳೆದಷ್ಟೂ ಹಿಗ್ಗುತ್ತದೆ, ಹಿಗ್ಗುವ ಹೆದೆ ಬಾಣಕ್ಕೆ ಕೊಡಬೇಕಾದ ಬಲವನ್ನು ತಾನೇ ತಿಂದುಹಾಕುತ್ತದೆ. ಡೇಕ್ರಾನ್ ಹುರಿ ತರಿಸಿಕೊಂಡರೆ ತೊಂದರೆ ತೀರುತ್ತದೆ, ಮಜವೂ ತೀರುತ್ತದೆ. ಅರ್ಥಶಾಸ್ತ್ರದ ಆಯುಧಾಗಾರದ ಪಟ್ಟಿಯಲ್ಲಿ ಹೆದೆಗೆ ಒದಗುವ ಆರು ವಸ್ತುಗಳಿವೆ: ಮೂರ್ವಾ, ಅರ್ಕ, ಶಣ, ಗವೇಧು, ಬಿದಿರು ಮತ್ತು ಸ್ನಾಯು. ಶಣವೆಂದರೆ ಸೆಣಬು. ಅರ್ಕವೆಂದರೆ ನಮ್ಮ ಎಕ್ಕ. ಯಾರದಾದರೂ ಮನೆ ಹಾಳಾಗಲೆಂದು ಬಯ್ಯುವಾಗ ಎಕ್ಕ ಹುಟ್ಟಲೆಂದು ಹಾರೈಸುತ್ತಾರಲ್ಲ, ಅದೇ ಎಕ್ಕ. ಪಾಳುಬಿದ್ದ ಸೈಟುಗಳಲ್ಲಿ ಅದರ ದಂಟು ಕೊಯ್ದು, ಹಾಲು ಕಣ್ಣಿಗೆ ಸಿಡಿಯದಂತೆ ಎಚ್ಚರವಹಿಸಿ, ಎರಡು ದಿನ ಬಾಡಿಸಿ ತೊಗಟೆ ಸುಲಿದರೆ ಒಳಗೆ ರೇಷ್ಮೆಯಂಥ ಬಿಳಿಯ ಎಳೆಗಳಿರುತ್ತವೆ. ನಾನು ಸುಲಿಯುತ್ತ ನಿಂತದ್ದನ್ನು ಕಂಡವರು ಶನಿಕಾಟಕ್ಕೆ ಪರಿಹಾರವೆಂದು ತಿಳಿದು ಸುಮ್ಮನೆ ದಾಟಿಹೋಗುತ್ತಾರೆ.

ಪಟ್ಟಿಯ ಮೊದಲ ಹೆಸರಾದ ಮೂರ್ವಾ ನನ್ನ ಸಂಸಾರದಲ್ಲಿ ಸ್ವಲ್ಪ ಗೊಂದಲ ತಂದಿದೆ. ಹೆದೆಗೆ ಮೌರ್ವಿ ಎಂಬ ಹೆಸರು ಬಂದದ್ದೇ ಈ ನಾರಿನಿಂದ. ಉಪನಯನದಲ್ಲಿ ಕ್ಷತ್ರಿಯ ವಟುವಿನ ಸೊಂಟಕ್ಕೆ ಇದನ್ನೇ ಕಟ್ಟಬೇಕೆಂದು ಮನುಸ್ಮೃತಿಯ ವಿಧಿ. ಸಾಮಾನ್ಯವಾಗಿ ಮೂರ್ವಾ ಎಂದು ಗುರುತಿಸುವುದು ಮಂಜಿನಾರಿನ ಗಿಡವನ್ನು, ಮತ್ತು ಅದರ ಹತ್ತಿರದ ಬಂಧುವೇ ಇಂದು ಪಟ್ಟಣದ ಪ್ರತಿ ಬಾಲ್ಕನಿಯಲ್ಲಿಯೂ ಕತ್ತಿ ನಿಲ್ಲಿಸಿದಂತೆ ನಿಂತಿರುವ ಸ್ನೇಕ್ ಪ್ಲಾಂಟ್. ನನ್ನ ಹೆಂಡತಿ ಅದನ್ನು ಗಾಳಿ ಶುದ್ಧವಾಗಲೆಂದು ತಂದಿಟ್ಟಿದ್ದಾಳೆ. ನಾನು ಅದನ್ನು ನೋಡುವ ನೋಟದಲ್ಲಿ ಶುದ್ಧತೆ ಇಲ್ಲ.

ಬಲಿತ ಎಲೆಯೊಂದನ್ನು ಬುಡದಲ್ಲಿ ಕೊಯ್ದು, ತೊಲೆಯ ತುಂಡಿನ ಮೇಲೆ ಮಲಗಿಸಿ, ಚಾಕುವಿನ ಬೆನ್ನಿನಿಂದ ಒತ್ತಿ ಎಳೆದರೆ ಹಸಿರು ತಿರುಳು ಸಾಬೂನಿನ ನೊರೆಯಂತೆ ಜಾರಿ ಬರುತ್ತದೆ. ಸೌತೆಕಾಯಿಯನ್ನು ಜಜ್ಜಿದಂಥ ವಾಸನೆ ಹರಡುತ್ತದೆ. ಆರೇಳು ಸಲ ಎಳೆದ ಮೇಲೆ, ಹಸಿರಿನ ನಡುವೆ ಥಟ್ಟನೆ ಬಿಳಿಯ ಗೆರೆಗಳು ಹೊಳೆಯತೊಡಗುತ್ತವೆ. ತೊಳೆದು ನೆರಳಲ್ಲಿ ಹರವಿದರೆ ಮೊಳ ಒಂದೂವರೆ ಮೊಳದ ನರೆಗೂದಲು. ಇದನ್ನು ಎರಡು ಪಾಲು ಮಾಡಿ, ಪಂಚೆ ಮೇಲೆತ್ತಿ, ತೊಡೆಯ ಮೇಲೆ ಪ್ರತಿಯೊಂದನ್ನೂ ಬಲಕ್ಕೆ ಹೊಸೆಯಬೇಕು, ಎರಡನ್ನೂ ಸೇರಿಸಿ ಎಡಕ್ಕೆ ಹುರಿಗೊಳಿಸಬೇಕು. ಒಂದರ ಬಿಚ್ಚಿಕೊಳ್ಳುವ ಚಟವೇ ಇನ್ನೊಂದನ್ನು ಬಿಗಿಯುತ್ತದೆ. ಎಳೆ ಮುಗಿಯುವ ಮುನ್ನ ಹೊಸ ಎಳೆ ಸೇರಿಸಬೇಕು, ಆದರೆ ಎರಡು ಪಾಲಿನಲ್ಲಿಯೂ ಒಂದೇ ಜಾಗದಲ್ಲಿ ಸೇರಿಸಬಾರದು. ಎರಡು ಸೇರಿಕೆ ಎದುರುಬದುರಾದರೆ ಹೆದೆ ಹರಿಯುವುದು ಅಲ್ಲಿಯೇ. ಒಂದು ಹೆದೆಗೆ ನನಗೆ ನಾಲ್ಕು ಸಂಜೆ ಬೇಕು. ಒಂದು ತುದಿಗೆ ಕುಣಿಕೆ, ಇನ್ನೊಂದು ತುದಿಗೆ ಜೀರುಗುಣಿಕೆ, ಮೇಲೆ ತುಡುವೆ ಜೇನಿನ ಮೇಣ. ಬಿಲ್ಲಿನ ಎಳೆತದ ನಾಲ್ಕರಷ್ಟು ಭಾರವನ್ನು ಹೆದೆ ತಡೆಯಬೇಕೆಂಬುದು ಬಳಕೆಯ ಲೆಕ್ಕ. ಆದುದರಿಂದ ಅಕ್ಕಿಯ ಮೂಟೆಯೊಂದನ್ನು ಮಹಡಿ ಮೆಟ್ಟಿಲಿನ ಕಂಬಿಗೆ ನೇತುಹಾಕಿ ಪರೀಕ್ಷಿಸುತ್ತೇನೆ. ಎರಡು ಸಲ ಮೂಟೆ ಬಿದ್ದಿದೆ. ಒಮ್ಮೆ ಅದು ಸೋನಾಮಸೂರಿಯಾಗಿತ್ತು.

ಹೆದೆಯೇರಿಸುವ ಗಳಿಗೆಯಲ್ಲಿ ನಾನು ಮನೆಯಲ್ಲಿ ಯಾರನ್ನೂ ಮಾತಾಡಗೊಡುವುದಿಲ್ಲ. ಕೆಳಗಿನ ಕೊಪ್ಪನ್ನು, ಎಂದರೆ ಹೆದೆ ಸಿಕ್ಕಿಸುವ ತುದಿಯನ್ನು, ಪಾದದ ಬದಿಗೆ ಆನಿಸಿ, ಮಂಡಿಯ ಹಿಂದಿನಿಂದ ಬಿಲ್ಲನ್ನು ದಾಟಿಸಿ ಬಗ್ಗಿಸುವಾಗ ಬಿದಿರು ಸಣ್ಣಗೆ ಕಿರುಗುಟ್ಟುತ್ತದೆ. ಕುಣಿಕೆ ಕೊಪ್ಪಿನಲ್ಲಿ ಕೂತ ಕ್ಷಣಕ್ಕೆ ಕೈಯಲ್ಲಿದ್ದ ವಸ್ತುವಿನ ಸ್ವಭಾವವೇ ಬದಲಾಗಿ, ಅಷ್ಟು ಹೊತ್ತು ತೂಕವಾಗಿದ್ದದ್ದು ಬಿಗುವಾಗಿ, ಬೆರಳು ತಾಗಿದರೆ ತಂಬೂರಿಯಂತೆ ಮಿಡಿಯುತ್ತದೆ. ಸಂಸ್ಕೃತದಲ್ಲಿ ಹೆದೆಗೆ ಗುಣ ಎಂಬ ಹೆಸರಿದೆ, ಬಿದಿರಿಗೆ ವಂಶ ಎಂಬ ಹೆಸರಿದೆ. ವಂಶವೆಷ್ಟು ಒಳ್ಳೆಯದಾದರೂ ಗುಣವಿಲ್ಲದೆ ಕೆಲಸಕ್ಕೆ ಬಾರದೆಂದು ಶ್ಲೇಷೆ ಮಾಡಿದ ಪಂಡಿತರು ತಲೆಮಾರುಗಟ್ಟಲೆ ಇದ್ದಾರೆ. ಅವರಲ್ಲಿ ಒಬ್ಬರಾದರೂ ನಾರು ಹೊಸೆದವರು ಇದ್ದಿರಬೇಕೆಂದು ನನ್ನ ಗುಮಾನಿ.

ಬಾಣವಿಲ್ಲದೆ ಹೆದೆಯನ್ನು ಸೆಳೆದು ಬಿಡುವುದು ಮಾತ್ರ ಕೂಡದು. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ಹಿಂದಿರುಗಿ ಅದನ್ನು ಸೀಳುತ್ತದೆ. ಯಕ್ಷಗಾನದ ಅರ್ಜುನ ಧನುಷ್ಟಂಕಾರ ಮಾಡಿದಾಗಲೆಲ್ಲ ಸಭೆ ರೋಮಾಂಚಗೊಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ. ಜನಕನ ಬಿಲ್ಲಿನ ವಿಷಯದಲ್ಲಿಯೂ ನನ್ನದೊಂದು ವೃತ್ತಿಪರ ಅನುಮಾನವಿದೆ. ವಾಲ್ಮೀಕಿಯ ಪ್ರಕಾರ ಅದನ್ನು ಎಂಟು ಗಾಲಿಯ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಐದು ಸಾವಿರ ಜನ ಎಳೆದು ತಂದರು. ತಲೆಮಾರುಗಳ ಕಾಲ ಹೆದೆ ಕಾಣದೆ ಪೆಟ್ಟಿಗೆಯಲ್ಲಿ ಒಣಗಿದ ಬಿಲ್ಲನ್ನು ಸ್ವಲ್ಪ ಸ್ವಲ್ಪವೇ ಎಳೆದು ಪಳಗಿಸದೆ ಒಮ್ಮೆಗೇ ಪೂರ್ತಿ ಸೆಳೆದರೆ ಅದು ನಡುವೆಯೇ ಮುರಿಯುವುದು. ರಾಮನ ಮಹಿಮೆಗೆ ಇದರಿಂದ ಕುಂದೇನೂ ಇಲ್ಲ, ಬಿಲ್ಲು ಮಾಡಿದವನ ಮಾನ ಮಾತ್ರ ಉಳಿಯುತ್ತದೆ.

ನನ್ನ ಹನ್ನೊಂದು ಮುರಿದ ಬಿಲ್ಲುಗಳು ಈಗ ಹಿತ್ತಿಲಿನಲ್ಲಿ ಚಪ್ಪರದವರೆಯ ಬಳ್ಳಿಯನ್ನು ಹೊತ್ತುಕೊಂಡಿವೆ. ಮುರಿಯದ ಮೂರು, ಹೆದೆ ಇಳಿಸಿಕೊಂಡು, ಮಲಗುವ ಕೋಣೆಯ ಗೋಡೆಗೆ ಅಡ್ಡವಾಗಿ ಒರಗಿವೆ. ಆಷಾಢದಲ್ಲಿ ಬಿದಿರು ತೇವ ಕುಡಿದು ಮೆತ್ತಗಾಗುವುದರಿಂದ ಅವಕ್ಕೆ ರಜೆ. ಕಳೆದ ಭಾನುವಾರ ಮೂರನೆಯದಕ್ಕೆ ಹೊಸ ಹೆದೆ ಬೇಕೆನಿಸಿ ಚಾಕು ಹಿಡಿದು ಬಾಲ್ಕನಿಗೆ ಹೋದೆ. ಕುಂಡಕ್ಕೆ ಒಂದು ಚೀಟಿ ಅಂಟಿಸಿತ್ತು. ಹೆಂಡತಿಯ ಅಕ್ಷರದಲ್ಲಿ, ನಮ್ಮ ಕಚೇರಿಯ ದಾಸ್ತಾನು ವಹಿಯ ಮಾದರಿಯಲ್ಲಿಯೇ, ಆರಂಭದ ಶಿಲ್ಕು 19, ಖರ್ಚು 12, ಉಳಿಕೆ 7 ಎಂದು ಬರೆದು, ಪರಿಶೀಲಿಸಿದವರ ರುಜುವಿಗೆಂದು ಕೆಳಗೆ ಒಂದು ಗೆರೆ ಎಳೆದಿದ್ದಳು. ನಾನು ಎಲೆಗಳನ್ನು ಎಣಿಸಿ ನೋಡಿ, ತಾಳೆಯಾದ್ದರಿಂದ, ರುಜು ಹಾಕಿ ಬಂದೆ.