ಸಕ್ಕರೆ ನೋಡಿಸಿದ್ದೆವು, ಮೂತ್ರ ನೋಡಿಸಿರಲಿಲ್ಲ

ವಾರಕ್ಕೆ ಎರಡು ದಿನ ನನ್ನ ಚಿಕ್ಕಪ್ಪ ಹೊಸನಗರದಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಹೋಗುತ್ತಾರೆ; ಕಿಡ್ನಿ ಕೈಕೊಟ್ಟಿರುವುದರಿಂದ ಅವರ ರಕ್ತವನ್ನು ಯಂತ್ರವೇ ಸೋಸಬೇಕು. ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ, ಸಂಜೆ ಮನೆಗೆ ಬಂದವರು ಜಗಲಿಯಲ್ಲೇ ಒರಗಿಬಿಡುತ್ತಾರೆ. ಮೊನ್ನೆ ಚಿಕ್ಕಮ್ಮ ಕೇಳಿದರು: "ತಿಂಗಳು ತಿಂಗಳೂ ಸಕ್ಕರೆ ನೋಡಿಸಿದ್ದೆವಲ್ಲ, ಮತ್ತೆ ಇದು ಹೇಗೆ ಬಂತು?"

ನೋಡಿಸಿದ್ದರು, ನಿಜ. ಆದರೆ ಸಕ್ಕರೆ ಕಾಯಿಲೆಯ ಹದಿನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇದೆಯೇ ಎಂದು ನೋಡುವ ಪರೀಕ್ಷೆ ಆಗಿರಲಿಲ್ಲ. ಯಾರೂ ಬರೆದುಕೊಡಲಿಲ್ಲ, ನಾವೂ ಕೇಳಲಿಲ್ಲ. ಆ ಸಂಕಟ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹಾಳಾಗುವಾಗ ನೋಯುವುದಿಲ್ಲ. ರಕ್ತ ಸೋಸುವ ಜಾಲರಿ ಸಡಿಲವಾಗಿ ಮೊದಲು ಪ್ರೋಟೀನ್ ಸೋರುತ್ತದೆ. ಕಾಲು ಊದುವುದು ಬಹಳ ತಡವಾಗಿ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಏರುವ ಹೊತ್ತಿಗೆ ಕಿಡ್ನಿಯ ಅರ್ಧ ಶಕ್ತಿಯೇ ಹೋಗಿರಬಹುದು. ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ಮಾತ್ರ ಮುಂಚೆಯೇ ಸುಳಿವು ಕೊಡುತ್ತದೆ: ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ದಾಟಿದರೆ ಎಚ್ಚರವಾಗಬೇಕು. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಟೈಪ್ 2 ಸಕ್ಕರೆ ಕಾಯಿಲೆ ಇರುವವರು ಕಾಯಿಲೆ ಗೊತ್ತಾದ ವರ್ಷದಿಂದಲೇ ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕು, ಜೊತೆಗೆ ರಕ್ತದ ಕ್ರಿಯಾಟಿನಿನ್ ಕೂಡ.

ಇನ್ನು ನೋವಿನ ಮಾತ್ರೆ. ಅಡಿಕೆ ಕೊಯ್ಲು ಶುರುವಾದರೆ ನಮ್ಮ ಕಡೆ ಮಂಡಿ, ಸೊಂಟ ಯಾರಿಗೆ ನೋಯುವುದಿಲ್ಲ ಹೇಳಿ? ರಾತ್ರಿ ಸುಲಿಯಲು ಕೂರುವ ಮೊದಲು ಒಂದು, ಬೆಳಿಗ್ಗೆ ತೋಟಕ್ಕೆ ಇಳಿಯುವ ಮೊದಲು ಇನ್ನೊಂದು. ಡೈಕ್ಲೋಫಿನಾಕ್, ಐಬುಪ್ರೊಫೇನ್‌ನಂಥವು ಕಿಡ್ನಿಗೆ ಹೋಗುವ ರಕ್ತವನ್ನೇ ತಗ್ಗಿಸುತ್ತವೆ. ಚಿಕ್ಕಪ್ಪ ಸೀಸನ್ನು ಪೂರ್ತಿ ನುಂಗುತ್ತಿದ್ದರು. ಬಿಪಿ ಮಾತ್ರೆ ಮಾತ್ರ ಬೇಡ. "ಒಮ್ಮೆ ಹಿಡಿದರೆ ಬಿಡುವ ಹಾಗಿಲ್ಲ" ಎನ್ನುತ್ತಿದ್ದರು. ಸಕ್ಕರೆಯಷ್ಟೇ ಬಿಪಿಯೂ ಕಿಡ್ನಿಯನ್ನು ತಿನ್ನುತ್ತದೆ. ಸಾಮಾನ್ಯವಾಗಿ ಅದು 130/80ರೊಳಗೆ ಇರಬೇಕು. ಪಾಯಸ ಬಿಟ್ಟವರು ಗಂಜಿಗೆ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಎರಡೆರಡು ಸಲ ಹಾಕಿಸಿಕೊಳ್ಳುವುದನ್ನು ನೋಡಿದರೆ ಈಗ ನನಗೆ ಹೊಟ್ಟೆ ಉರಿಯುತ್ತದೆ.

ಬೇಗ ಗೊತ್ತಾದರೆ ದಾರಿ ಇದೆ. ಪ್ರೋಟೀನ್ ಸೋರಿಕೆ ತಗ್ಗಿಸುವ ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆಗಳಿವೆ. ಸಕ್ಕರೆಗೆಂದು ಬಂದ ಡಾಪಾಗ್ಲಿಫ್ಲೋಜಿನ್ ಕಿಡ್ನಿಯನ್ನೂ ಕಾಯುತ್ತದೆ. ಅದರ ಪೇಟೆಂಟ್ ಮುಗಿದು ಬೆಲೆಯೂ ಇಳಿದಿದೆ. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ಹೇಳಬೇಕು.

ನನ್ನ ಅಣ್ಣನಿಗೂ ಸಕ್ಕರೆ ಇದೆ. ಹಟ ಹಿಡಿದು ಮೂತ್ರದ ಆ ಪರೀಕ್ಷೆ ಮಾಡಿಸಿದೆ. ಕಳೆದ ವಾರ ವರದಿ ಬಂತು: ಅನುಪಾತ 64. ಕ್ರಿಯಾಟಿನಿನ್ ಇನ್ನೂ ಸರಿಯಾಗಿಯೇ ಇದೆ. ಖಚಿತಪಡಿಸಿಕೊಳ್ಳಲು ಮತ್ತೊಮ್ಮೆ ಮೂತ್ರ ಕೊಡಬೇಕು. ಅವನ ಅಂಗಿಯ ಜೇಬಿನಲ್ಲಿದ್ದ ನೋವಿನ ಮಾತ್ರೆಗಳನ್ನು ಅತ್ತಿಗೆ ಅಂದೇ ಬಚ್ಚಲ ಒಲೆಗೆ ಹಾಕಿದರು.