ಕೊನೆಯ ಘಟಕದಲ್ಲಿ ಉಳಿದುಹೋದ ಲೇಖಕಿಯರು

ನವೋದಯ, ಪ್ರಗತಿಶೀಲ, ನವ್ಯ, ದಲಿತ–ಬಂಡಾಯ ಎಂಬ ಕ್ರಮದಲ್ಲಿ ಆಧುನಿಕ ಕನ್ನಡ ಸಾಹಿತ್ಯದ ಪಾಠವೆಲ್ಲ ಮುಗಿದು, ಪರೀಕ್ಷೆ ಹತ್ತಿರವಾಗಿ, ಅಧ್ಯಾಪಕರೂ ವಿದ್ಯಾರ್ಥಿಗಳೂ ದಣಿದಿರುವ ಹೊತ್ತಿಗೆ ‘ಮಹಿಳಾ ಸಾಹಿತ್ಯ’ ಎಂಬ ಘಟಕ ಬರುತ್ತದೆ. ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಆದರೆ ನಾನು ಕಂಡ ಪಠ್ಯಕ್ರಮಗಳಲ್ಲಿ ಹೆಚ್ಚಿನವುಗಳ ರೂಢಿ ಇದೇ ಆಗಿದೆ. 1913ರಲ್ಲಿ ‘ಸುಶೀಲೆ’ಯನ್ನು ಪ್ರಕಟಿಸಿದ ನಂಜನಗೂಡು ತಿರುಮಲಾಂಬ, ಐವತ್ತು–ಅರವತ್ತರ ದಶಕದ ತ್ರಿವೇಣಿ, 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಬರೆದ ಸಾರಾ ಅಬೂಬಕ್ಕರ್, ಈ ಮೂವರನ್ನೂ ಅಲ್ಲಿ ಒಂದೇ ಸಾಲಿನಲ್ಲಿ ಕೂರಿಸಲಾಗುತ್ತದೆ. ಇವರ ಕಾಲ ಬೇರೆ, ಸಮುದಾಯ ಬೇರೆ, ಓದುಗರೂ ಬೇರೆ. ಹೆಂಗಸರು ಎಂಬುದರ ಹೊರತಾಗಿ ಇವರನ್ನು ಹೀಗೆ ಒಟ್ಟಿಗೆ ಓದಲು ಕಾರಣವೇನೆಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ.

ಆ ಘಟಕವೂ ಸುಮ್ಮನೆ ದಕ್ಕಿದ್ದಲ್ಲ ಎಂಬುದನ್ನು ಬಲ್ಲೆ. ವಿಜಯಾ ದಬ್ಬೆಯವರ ತಲೆಮಾರಿನ ವಿಮರ್ಶಕಿಯರು ಹಳೆಯ ಪುಸ್ತಕಗಳನ್ನು ಹುಡುಕಿ, ‘ಅಡುಗೆಮನೆ ಸಾಹಿತ್ಯ’ ಎಂಬ ಕುಹಕಕ್ಕೆ ಉತ್ತರ ಕೊಟ್ಟು, ವಾದಿಸಿ ಪಡೆದ ಜಾಗ ಅದು. ಅವರು ಕೇಳಿದ್ದು ಸಾಹಿತ್ಯ ಚರಿತ್ರೆಯನ್ನೇ ಮತ್ತೊಮ್ಮೆ ಓದಬೇಕೆಂದು. ನಾವು ಕೊಟ್ಟದ್ದು ಕೊನೆಯಲ್ಲಿ ಒಂದು ಅಧ್ಯಾಯ. ಲೇಖಕಿಯರನ್ನು ಆಯಾ ಕಾಲದ ಪಾಠದೊಳಗೇ ಇಟ್ಟು ಓದಿದರೆ ನಾವು ಬಾಯಿಪಾಠ ಮಾಡಿಕೊಂಡಿರುವ ಘಟ್ಟಗಳ ಚಿತ್ರವೇ ಅಲುಗಾಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಾದಂಬರಿಯ ಆರಂಭವನ್ನೇ ನೋಡಿ. ಗುಲ್ವಾಡಿ ವೆಂಕಟರಾಯರ 1899ರ ‘ಇಂದಿರಾಬಾಯಿ’ಯನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಕಲಿಸುತ್ತೇವೆ, ವಿಧವೆಯ ಮರುವಿವಾಹ ಅದರ ಮುಖ್ಯ ವಸ್ತು. ಅದಾದ ಒಂದೂವರೆ ದಶಕದೊಳಗೆ, ಬಾಲ್ಯದಲ್ಲೇ ವಿಧವೆಯಾದ ತಿರುಮಲಾಂಬ ತಾವೇ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ತಾವೇ ಬರೆದು, ತಾವೇ ಪ್ರಕಟಿಸಿ, ಮುಂದೆ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಸುಧಾರಕನೊಬ್ಬ ವಿಧವೆಯ ಬಗ್ಗೆ ಬರೆಯುವುದಕ್ಕೂ ವಿಧವೆಯೊಬ್ಬಳು ಲೇಖನಿ ಹಿಡಿದು, ಅದರ ಮೇಲೆ ಅಚ್ಚುಮೊಳೆಯ ವ್ಯವಹಾರವನ್ನೂ ಕೈಗೆತ್ತಿಕೊಳ್ಳುವುದಕ್ಕೂ ಇರುವ ಅಂತರ ಅಕ್ಕಪಕ್ಕ ಇಟ್ಟು ಓದಿದಾಗ ಮಾತ್ರ ಕಾಣುತ್ತದೆ. ಆಕೆ ಸತೀಧರ್ಮವನ್ನು ಎತ್ತಿಹಿಡಿಯುತ್ತಾರೆ, ಹಾಗಾಗಿ ಇಂದಿನವರಿಗೆ ರುಚಿಸುವುದಿಲ್ಲ ಎಂಬ ಆಕ್ಷೇಪ ನಿಜವೇ. ಬರಹದಲ್ಲಿ ಸಂಪ್ರದಾಯವನ್ನು ಒಪ್ಪುತ್ತ ಬದುಕಿನಲ್ಲಿ ಅದರ ಗೆರೆಯನ್ನು ದಾಟಿದ ಆ ವಿರೋಧಾಭಾಸವೇ ತರಗತಿಯಲ್ಲಿ ಚರ್ಚಿಸಬೇಕಾದ ಸಂಗತಿ. 1982ರವರೆಗೆ ಬದುಕಿದ್ದ ಆಕೆ ಕೊನೆಯ ದಶಕಗಳಲ್ಲಿ ಬರೆಯದೆ ಉಳಿದದ್ದೂ ಆ ಚರ್ಚೆಗೆ ಸೇರಬೇಕು.

ಕೊಡಗಿನ ಗೌರಮ್ಮನವರದು ಬೇರೆ ಬಗೆಯ ಅನ್ಯಾಯ. ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅವರು 1939ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು; ‘ಕಂಬನಿ’ ಸಂಕಲನ ಬಂದದ್ದು ಆನಂತರ. ಗಾಂಧೀಜಿ ಮನೆಗೆ ಬರಲೆಂದು ಉಪವಾಸ ಕೂತದ್ದು, ಆಭರಣ ಕೊಟ್ಟದ್ದು, ಬೇಂದ್ರೆಯವರು ‘ತಂಗಿ ಗೌರಮ್ಮ’ ಎಂದು ಕವಿತೆ ಬರೆದದ್ದು, ಇವೆಲ್ಲ ವಿದ್ಯಾರ್ಥಿಗಳಿಗೆ ಗೊತ್ತು. ‘ಅಪರಾಧಿ ಯಾರು?’ ಕಥೆಯನ್ನು ಓದಿದವರೆಷ್ಟು ಮಂದಿ ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಲೇಖಕಿಯ ಬದುಕು ಕರುಣಾಜನಕವಾಗಿದ್ದಷ್ಟೂ ಆಕೆಯ ಕಥನಕಲೆಯ ಮಾತು ಹಿಂದೆ ಸರಿಯುತ್ತದೆ. ತೀರ್ಪನ್ನು ಓದುಗರಿಗೇ ಬಿಡುವ ಆ ಬರವಣಿಗೆಯ ಸಂಯಮವನ್ನು ಸಮಕಾಲೀನ ಕಥೆಗಾರರ ಜೊತೆ ಹೋಲಿಸಿ ನೋಡುವ ಕೆಲಸ ಇನ್ನೂ ಸಾಕಷ್ಟು ನಡೆದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರಿಸುವುದು ತ್ರಿವೇಣಿಯವರನ್ನು ‘ಜನಪ್ರಿಯ’ ಎಂಬ ಒಂದೇ ಮಾತಿನಲ್ಲಿ ಬದಿಗೆ ಸರಿಸುವುದು. ಮನಶ್ಶಾಸ್ತ್ರ ಓದಿದ್ದ ಅವರು ‘ಶರಪಂಜರ’ದಲ್ಲಿ ಬಾಣಂತಿಯ ಮನೋರೋಗವನ್ನು ವಸ್ತುವಾಗಿ ಆರಿಸಿಕೊಂಡರು. ಕಾದಂಬರಿಯ ನಿಜವಾದ ಕ್ರೌರ್ಯ ಇರುವುದು ನಾಯಕಿ ಕಾವೇರಿ ಗುಣವಾಗಿ ಮನೆಗೆ ಮರಳಿದ ನಂತರದ ಪುಟಗಳಲ್ಲಿ. ಅವಳು ಅತ್ತರೂ ನಕ್ಕರೂ ಮನೆಮಂದಿಗೆ ಅದು ರೋಗದ ಲಕ್ಷಣ. ಮದ್ದು ವಾಸಿಮಾಡಿದ್ದನ್ನು ಮನೆಯವರ ನೋಟ ಮತ್ತೆ ಕೆಡಿಸುತ್ತದೆ. ವ್ಯಕ್ತಿಯ ಅಂತರಂಗದ ಶೋಧನೆ ನವ್ಯದ ಕೊಡುಗೆ ಎಂದು ಪಾಠ ಮಾಡುವವರು ಈ ಪುಟಗಳನ್ನು ಎಲ್ಲಿಡುತ್ತಾರೆ? 1971ರ ಸಿನಿಮಾ ಎಲ್ಲರಿಗೂ ನೆನಪಿದೆ, ಹಾಡುಗಳಂತೂ ಇನ್ನೂ ಕಿವಿಯಲ್ಲಿವೆ. ಆದರೆ ಸಿನಿಮಾ ನೋಡಿ ಪರೀಕ್ಷೆ ಬರೆದವರ ಉತ್ತರದಲ್ಲಿ ತ್ರಿವೇಣಿಯವರ ವಾಕ್ಯ ಒಂದೂ ಇರುವುದಿಲ್ಲ. ಐವತ್ತರ ದಶಕದಲ್ಲೇ ‘ಸಂಗಮ’ದ ಕಥೆಗಳನ್ನು ಬರೆದ ರಾಜಲಕ್ಷ್ಮಿ ಎನ್. ರಾವ್ ಅವರ ಹೆಸರಂತೂ ನವ್ಯಕಥೆಯ ಚರಿತ್ರೆಯಲ್ಲಿ ಹೆಚ್ಚೆಂದರೆ ಒಂದು ಅಡಿಟಿಪ್ಪಣಿ.

ವೈದೇಹಿಯವರ ‘ಅಕ್ಕು’ ಕಥೆಯನ್ನು ‘ಶರಪಂಜರ’ದ ಜೊತೆಗಿಟ್ಟು ಓದಿದರೆ ಚರ್ಚೆ ಇನ್ನಷ್ಟು ಆಳವಾಗುತ್ತದೆ. ಅಲ್ಲಿಯೂ ಒಬ್ಬಳನ್ನು ಮನೆಯವರು ತಲೆಕೆಟ್ಟವಳೆನ್ನುತ್ತಾರೆ. ಆದರೆ ಕುಂದಾಪುರದ ಆಡುಮಾತಿನಲ್ಲಿ ಅಕ್ಕು ಎಸೆಯುವ ಮಾತುಗಳು ಆ ಮನೆಯ ಮರ್ಯಾದೆಯ ಮುಸುಕನ್ನು ಕಿತ್ತುಹಾಕುತ್ತವೆ. ಕಾವೇರಿಯನ್ನು ಮುರಿದ ಹಣೆಪಟ್ಟಿಯನ್ನೇ ಅಕ್ಕು ಗುರಾಣಿ ಮಾಡಿಕೊಳ್ಳುತ್ತಾಳೆ. ಇದನ್ನು ‘ಸ್ತ್ರೀ ಸಮಸ್ಯೆ’ ಎಂಬ ಶೀರ್ಷಿಕೆಯ ಕೆಳಗೆ ಐದು ಅಂಕಗಳ ಟಿಪ್ಪಣಿಯಾಗಿ ಬರೆಸುವುದು ಕಥೆಗೂ ವಿದ್ಯಾರ್ಥಿಗೂ ಮಾಡುವ ಅವಮಾನ.

ಪ್ರಶಸ್ತಿ ಕೊಡುವ ಸಂಸ್ಥೆಗಳ ಲೆಕ್ಕವನ್ನು ಬೆಳೆಸಿ ಹೇಳುವುದು ಬೇಡ. ಕನ್ನಡಕ್ಕೆ 1955ರಿಂದ ಬರುತ್ತಿರುವ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮೊದಲ ಬಾರಿಗೆ ಲೇಖಕಿಯೊಬ್ಬರಿಗೆ ಸಂದದ್ದು 2004ರಲ್ಲಿ, ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ. ಕನ್ನಡದ ಎಂಟು ಜ್ಞಾನಪೀಠಗಳಲ್ಲಿ ಒಂದೂ ಮಹಿಳೆಗೆ ಬಂದಿಲ್ಲ.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಅನೇಕ ಕಾಲೇಜುಗಳಲ್ಲಿ ಅವರನ್ನು ಪಠ್ಯಕ್ಕೆ ತರುವ ಮಾತು ಕೇಳಿಬರುತ್ತಿದೆ. ಸಂತೋಷ. ಆದರೆ ಅವರನ್ನೂ ಅದೇ ಕೊನೆಯ ಘಟಕಕ್ಕೆ ಸೇರಿಸುವುದಾದರೆ ನನ್ನ ವಿರೋಧವಿದೆ. ಅವರು ಬಂಡಾಯ ಚಳವಳಿಯೊಳಗಿನಿಂದ ಬಂದ ಲೇಖಕಿ. ಮೊದಲ ಸಂಕಲನ ‘ಹೆಜ್ಜೆ ಮೂಡಿದ ಹಾದಿ’ 1990ರದು. ‘ಕರಿ ನಾಗರಗಳು’ ಕಥೆಯನ್ನು ಬಂಡಾಯ ಸಾಹಿತ್ಯದ ಘಟಕದಲ್ಲೇ, ಆ ಕಾಲದ ಇತರ ಕಥೆಗಾರರ ನಡುವೆಯೇ ಇಟ್ಟು ಪಾಠ ಮಾಡಲಿ. ಬೂಕರ್‌ನ ವಿಷಯ ಆಮೇಲೆ ಬರಲಿ. ಮುಂದಿನ ಬಾರಿ ಪಠ್ಯಕ್ರಮ ಪರಿಷ್ಕರಿಸುವಾಗ ಅಧ್ಯಯನ ಮಂಡಳಿಗಳಲ್ಲಿರುವ ಸ್ನೇಹಿತರು ಈ ಒಂದು ಬದಲಾವಣೆಯನ್ನಾದರೂ ಮಂಡಿಸಬೇಕೆಂದು ಕೇಳಿಕೊಳ್ಳುತ್ತೇನೆ.